ಅಣ್ಣ ತಂದ ಮೆರ್ಲೋ

ಮೆರ್ಲೋ ಎಂಬ ಕೆಂಪು ವೈನಿನ ರುಚಿ ನನಗೆ ಗೊತ್ತು ಎಂದು ಅಣ್ಣ ನಂಬಿದ್ದ. ಕೆಲವು ವರ್ಷಗಳ ಹಿಂದೆ ಕಾಲೇಜಿನ ಸಹೋದ್ಯೋಗಿಗಳ ಜೊತೆ ಒಂದು ದ್ರಾಕ್ಷಿ ತೋಟ ನೋಡಿ ಬಂದ ಮೇಲೆ, ಅಲ್ಲಿ ಕುಡಿದದ್ದನ್ನು ನಾನು ಊಟಕ್ಕೆ ಕೂತಾಗ ಬಣ್ಣಿಸಿದ್ದೆನಂತೆ. ಕುಡಿದದ್ದು ನಿಜ. ಅದು ಮೆರ್ಲೋ ಆಗಿತ್ತೋ, ಪಕ್ಕದ ಗ್ಲಾಸಿನದೋ, ಈಗ ಆಣೆ ಇಟ್ಟು ಹೇಳಲಾರೆ. ನೇರಳೆ ಹಣ್ಣಿನ ಹಾಗೆ ಎಂದು ನನ್ನ ನಾಲಿಗೆಗೇ ಅನ್ನಿಸಿತ್ತೋ, ತೋಟದವರು ಹೇಳಿದ್ದನ್ನು ನಾಲಿಗೆ ಒಪ್ಪಿಕೊಂಡಿತ್ತೋ, ಅದೂ ಅನುಮಾನವೇ.

ಈ ಸಲ ಅಣ್ಣ ಗೌರಿ ಬಾಗಿನವನ್ನು ಹಬ್ಬ ಕಳೆದ ಮೇಲೆ ತಂದ. ಅಕ್ಕಿಹೆಬ್ಬಾಳಿನಲ್ಲಿ ಕಬ್ಬು ಕಡಿಸುವ ಗಡಿಬಿಡಿಯಲ್ಲಿದ್ದನಂತೆ. ಪಾಂಡವಪುರದ ನಮ್ಮ ಮನೆಗೆ ಅತ್ತಿಗೆಯೂ ಜೊತೆಗೆ ಬಂದಿದ್ದಳು. ಸೀರೆ, ಬಳೆ, ಅರಿಶಿನ ಕುಂಕುಮ ಕೊಟ್ಟಾದ ಮೇಲೆ ಅದೇ ಚೀಲದ ತಳದಿಂದ ಟವೆಲ್ಲು ಸುತ್ತಿದ ಬಾಟಲಿ ಹೊರಬಂತು.

"ಬಾಗಿನದ್ ಜೊತೆ ಬ್ರಾಂದಿ ತಂದವ್ರೆ ನಿಮ್ಮಣ್ಣ. ತವರು ಅಂದ್ರೆ ಇಂಗಿರ್ಬೇಕು ಕಣವ್ವಾ," ಎಂದಳು ಅತ್ತಿಗೆ.

"ಬ್ರಾಂದಿ ಅಲ್ಲ ಕಣೇ, ವೈನು," ಎಂದ ಅಣ್ಣ, ಗಂಭೀರವಾಗಿ.

ಕಬ್ಬು ಬಿಟ್ಟು ಮೆರ್ಲೋ ವೈನಿನ ದ್ರಾಕ್ಷಿ ಹಾಕಿ, ಹಣ್ಣನ್ನು ನಾವೇ ಕೊಳ್ಳುತ್ತೇವೆ ಎಂದು ಒಬ್ಬ ಏಜೆಂಟು ಅವನ ಬೆನ್ನು ಬಿದ್ದಿದ್ದ. ನಾಗಮಂಗಲದ ಕಡೆ ತಮ್ಮದೇ ತೋಟವಿದೆ, ಇದು ಅಲ್ಲಿಯ ಹಣ್ಣಿನದೇ, ಕುಡಿದು ನೋಡಿ ಎಂದು ಬಾಟಲಿ ಕೊಟ್ಟು ಹೋಗಿದ್ದ. ಕಟಾವಾದ ಕಬ್ಬಿನ ಬುಡಗಳನ್ನು ಉಳಿಸಿಕೊಂಡರೆ ಮತ್ತೆ ಚಿಗುರಿ ಕೂಳೆ ಬೆಳೆ ಬರುತ್ತದೆ. ಅವನ್ನು ಕಿತ್ತುಹಾಕಲು ಮರುದಿನ ಬೆಳಿಗ್ಗೆಗೇ ಟ್ರಾಕ್ಟರಿಗೆ ಹೇಳಿಯಾಗಿತ್ತು. ಕಿತ್ತರೆ, ಬಳ್ಳಿ ಫಲ ಕೊಡುವವರೆಗೂ ಆ ಹೊಲದಿಂದ ಏನೂ ಇಲ್ಲ. ಅವನಿಗಿರುವ ನೀರಾವರಿ ಜಮೀನು ಅದೊಂದೇ.

"ನೀನ್ ಕುಡ್ದು ಒಳ್ಳೇದು ಅಂದ್ಬುಡು, ಸಾಕು," ಎಂದ.

ಗಾಜಿನ ಲೋಟಗಳಿಗೆ ಸುರಿದೆ. ಅಣ್ಣ ಅಭ್ಯಾಸದಂತೆ ಬೆರಳದ್ದಿ ನೆಲಕ್ಕೆ ನಾಲ್ಕು ಹನಿ ಚಿಮುಕಿಸಿದ.

"ನೆಲ ಒರ್ಸೋಳು ನಾನು ಕಣಣ್ಣ."

"ಭೂಮ್ತಾಯಿಗೂ ಗೊತ್ತಾಗ್ಲಿ ಬುಡು, ಏನ್ ಬೆಳೀತೀವಿ ಅಂತ."

ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ವೈನಿನ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮೂಸಿದರೆ ಕುದಿಸಿದ ಒಣದ್ರಾಕ್ಷಿಯ ವಾಸನೆ. ಒಂದು ಗುಟುಕನ್ನು ಬಾಯಲ್ಲೇ ಆಡಿಸಿದೆ. ವಸಡಿಗೆ ಒಗರು ಹತ್ತಿತು, ಆದರೆ ನೇರಳೆ ಎಲ್ಲೂ ಇರಲಿಲ್ಲ. ಏಜೆಂಟು ಯಾವುದೋ ಬಾಟಲಿ ಕೊಟ್ಟು ಮೋಸ ಮಾಡಿದ್ದಾನೆ ಎಂದು ಮನಸ್ಸು ತಕ್ಷಣ ತೀರ್ಪು ಕೊಟ್ಟಿತು. ಅಷ್ಟು ಬೇಗ ಕೊಟ್ಟದ್ದಕ್ಕೇ ಅದನ್ನು ನಂಬಲಿಲ್ಲ.

"ಎಲ್ಲಿಟ್ಟಿದ್ದೆ ಇದನ್ನ?"

"ಪಂಪ್‌ಸೆಟ್ ಮನೇಲಿ. ಆಗ ಶ್ರಾವಣ ಅಲ್ವಾ? ಮೊಟ್ಟೇನೂ ಒಳಕ್ಕೆ ಬುಡಾಕಿಲ್ಲ ಇವ್ಳು."

"ದೇವ್ರ ಮನೇಲಿ ಇಡ್ಬೇಕಿತ್ತಾ?" ಎಂದಳು ಅತ್ತಿಗೆ.

ತಗಡಿನ ಸೂರಿನ ಕೆಳಗೆ, ಮೋಟಾರಿನ ಬಿಸಿಗೆ ಶ್ರಾವಣವಿಡೀ ಬೆಂದಿತ್ತು ಅದು. ಯಾವ ವೈನಾದರೂ ಕೆಡುತ್ತಿತ್ತು. ಹಾಗಾದರೆ ನಾನು ರುಚಿ ನೋಡಿದ್ದು ಏಜೆಂಟಿನ ಮಾತನ್ನೋ, ಅತ್ತಿಗೆಯ ಮಡಿಯನ್ನೋ?

"ಆ ತೋಟ ನೋಡಿದ್ಯಾ?" ಎಂದು ಕೇಳಿದೆ.

"ಫೋಟೋ ತೋರುಸ್ದ."

ಏಜೆಂಟಿಗೆ ಫೋನ್ ಮಾಡಿಸಿದೆ. ಅಣ್ಣ ಸ್ಪೀಕರ್ ಹಾಕಿದ. ತೋಟ ನೋಡಲು ನಾಳೆಯೇ ಬರುತ್ತೇವೆ ಎಂದದ್ದಕ್ಕೆ ಏಜೆಂಟು, "ಈಗ ಬಳ್ಳಿ ಎಲ್ಲ ಕತ್ತರಿಸಿದ್ದೀವಿ ಸಾರ್, ನೋಡೋಕೆ ಏನೂ ಇಲ್ಲ. ನೀವು ಮೊದ್ಲು ಹೊಲ ರೆಡಿ ಮಾಡ್ಕೊಳಿ," ಎಂದ.

"ಕತ್ತರ್ಸುದ್ರೆ ಬುಡ ಇರಾಕಿಲ್ವಾ? ಬುಡಾನೇ ತೋರ್ಸಪ್ಪ."

"ಡ್ರೈವಿಂಗಲ್ಲಿದೀನಿ ಸಾರ್, ಆಮೇಲೆ ಮಾಡ್ತೀನಿ."

ದ್ರಾಕ್ಷಿಯನ್ನು ಹೆಚ್ಚುಕಡಿಮೆ ಈ ಕಾಲದಲ್ಲೇ ಸವರುತ್ತಾರೆ. ಅವನು ನಿಜವಾಗಿ ಗಾಡಿ ಓಡಿಸುತ್ತಿದ್ದಿರಲೂಬಹುದು. ಇದನ್ನೂ ಅಣ್ಣನಿಗೆ ಹೇಳಿದೆ.

"ಅಂಗಾದ್ರೆ ಒಳ್ಳೇದೋ ಕೆಟ್ಟದ್ದೋ? ಒಂದ್ ಯೋಳು."

"ಇದು ಕೆಟ್ಟಿದೆ. ಕೆಡಿಸಿದ್ದು ಅವನೋ ನೀನೋ ನಂಗೊತ್ತಿಲ್ಲ. ನನ್ನ ನಾಲಿಗೆ ನಂಬ್ಕೊಂಡು ಕೂಳೆ ಮಾತ್ರ ಕೀಳಿಸ್ಬೇಡ ಅಣ್ಣಾ."

ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಟ್ರಾಕ್ಟರಿನವನಿಗೆ ಫೋನ್ ಹಚ್ಚಿದ.

"ನಾಳೆ ಬರ್ಬ್ಯಾಡ ಕಣ್ಲಾ... ಯಾಕೆ ಅಂದ್ರೆ? ನಮ್ ತಂಗಿ ಕುಡ್ದು ನೋಡುದ್ಲು, ಬ್ಯಾಡ ಅಂದ್ಲು... ನಗಬ್ಯಾಡ ಕಣ್ಲಾ, ಲೇ!"

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಣ್ಣ ನಗಲಿಲ್ಲ. ಕರೆಂಟು ಬರುವ ಹೊತ್ತಾಯಿತು, ಕೂಳೆಗೆ ನೀರು ಕಟ್ಟಬೇಕು ಎನ್ನುತ್ತ ಚಪ್ಪಲಿ ಮೆಟ್ಟಿದ.