ದಾದಾಸಾಬನ ಚಹಾ, ಮಗಳ ರಿಪೋರ್ಟು

ಬ್ಯಾಡಗಿಯ ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಡಬ್ಬಿ ತಳಿಯ ಮೆಣಸಿನಕಾಯಿ ಎಷ್ಟು ಚೀಲ, ಕಡ್ಡಿ ತಳಿಯದು ಎಷ್ಟು ಚೀಲ ಎಂದು ಕಂಪ್ಯೂಟರನ್ನು ಕೇಳಿದರೆ, ಉತ್ತರ ಬರುವಷ್ಟರಲ್ಲಿ ಚಹಾ ಕುಡಿದು, ಎಲೆಯಡಿಕೆ ಹಾಕಿ, ಸರಕಾರ ಬೀಳಿಸಿ ಬರಬಹುದಿತ್ತು. ವ್ಯಾಪಾರಿಗಳು, ಲಾರಿ ಡ್ರೈವರುಗಳು, ಗೇಟ್‌ಪಾಸ್ ಬರೆಯುವ ನಾನು, ಎಲ್ಲರೂ ಗೇಟಿನ ಮುಂದಿನ ದಾದಾಸಾಬನ ಚಹಾಗಾಡಿಗೆ ಹೋಗುತ್ತಿದ್ದೆವು. ಅವನ ಮಗಳು ಶಬನಮ್ ರಾಣೆಬೆನ್ನೂರಿನಲ್ಲಿ ಬಿಸಿಎ ಮುಗಿಸಿ ನಮ್ಮಲ್ಲೇ ಕೆಲಸಕ್ಕೆ ಸೇರಿದಳು. ಸೇರಿದವಳು ಸುಮ್ಮನೆ ಕೂಡ್ರಬಾರದೇ?

ಮೊತ್ತ ಎಣಿಸುವಾಗ ಆ ಯಂತ್ರ ಬೇರೇನೂ ಮಾಡುತ್ತಿರಲಿಲ್ಲ. ಒಂದು ದಿನ ತನ್ನ ಚೀಲ ಬಿಡಿಸಿಕೊಳ್ಳಲು ಬಂದ ಮೇಡ್ಲೇರಿಯ ರೈತ ಹೆಣ್ಣುಮಗಳು ಕರಿಯವ್ವನ ಪಾವತಿ ಚೀಟಿ ಒಳಗೇ ಸಿಕ್ಕಿಕೊಂಡಿತು, ಊರಿನ ಬಸ್ಸು ಹೋಯಿತು. ಅವಳು ದಾದಾಸಾಬನ ಗಾಡಿಯ ಮುಂದೆಯೇ ನಿಂತು ಅತ್ತಳು. ಶಬನಮ್ ಅಂದಿನಿಂದ ಆ ಪ್ರೋಗ್ರಾಮಿನ ಬೆನ್ನು ಹತ್ತಿದಳು.

"ಜಟ್ಟೆಪ್ಪ ಕಾಕಾ, ಇದು ಹುಚ್ಚರ್ಹಂಗ ಎಣಸಾಕತ್ತೈತ್ರಿ. ಎಂದೋ ಹೊರಗ ಹೋದ ಚೀಲಾನೂ ತಿರುವಿ ನೋಡ್ತೈತಿ. ಒಂದೊಂದು ಚೀಲಕ್ಕೂ ರೈತರ ಹೆಸರು, ಊರು ಹುಡುಕಿ ಹಚ್ಚಿ ಆಮ್ಯಾಲೆ ಎಣಸ್ತೈತಿ. ಎಣಸಾಕ ಹೆಸರು ಯಾಕ ಬೇಕ್ರಿ?"

"ನಿಮ್ಮಪ್ಪನ ಚಹಾದ ಗತಿ ಏನವಾ?" ಎಂದೆ. ಅವಳು ಕಂಪ್ಯೂಟರಿನತ್ತ ತಿರುಗಿದಳು.

ಒಳಗಿರುವ ಚೀಲಗಳಿಗಷ್ಟೇ ಇಂಡೆಕ್ಸ್, ಅಂದರೆ ಬೇರೆಯೇ ಒಂದು ಸೂಚಿ, ಮಾಡಿದಳು. ಮೊದಲು ತಳಿವಾರು ಮೊತ್ತ, ಹೆಸರು ಬೇಕಾದರೆ ಆಮೇಲೆ. ಗುಂಡಿ ಒತ್ತಿದಳು, ನಾನು ಚಹಾಕ್ಕೆಂದು ಚಪ್ಪಲಿ ಮೆಟ್ಟುವುದರೊಳಗೆ ಉತ್ತರ ಬಂತು. ನನಗೆ ಸಿಟ್ಟೂ ಬಂತು. ಚಪ್ಪಲಿ ಬಿಟ್ಟು ಮತ್ತೆ ಕುಳಿತೆ.

ಕರಿಯವ್ವ ಮತ್ತೆ ಬಂದಾಗ ಪಾವತಿ ಕೂಡಲೇ ಸಿಕ್ಕಿತು. ಆ ವಾರ ಗಾಡಿಯ ಮುಂದೆ ನೊಣ ಬಿಟ್ಟರೆ ಯಾರೂ ಇಲ್ಲ. ದಾದಾಸಾಬನೇ ಒಳಗೆ ಬಂದ.

"ಮಂದಿ ಯಾಕ ಬರವಲ್ರು, ಬೇಟಿ?"

"ರಿಪೋರ್ಟ್ ಲಗೂ ಬರಾಕತ್ತೈತಿ, ಅಬ್ಬಾ. ನಾನ ಮಾಡೇನಿ."

ಅವನು ಕಂಪ್ಯೂಟರನ್ನೇ ನೋಡುತ್ತ ನಿಂತ. "ಅದು ತಡಾ ಮಾಡ್ತಿತ್ತಂತ ಚಹಾ ಖರ್ಚಾತು, ನೀ ಕಾಲೇಜು ಕಲ್ತಿ," ಎಂದ.

ಶಬನಮ್ ಅತ್ತೇಬಿಟ್ಟಳು.

"ಆ ಮೇಡ್ಲೇರಿ ಹೆಣ್ಮಗಳಿಗೆ ಬಸ್ ಸಿಕ್ತೇನು?" ಎಂದು ಕೇಳಿದ ದಾದಾಸಾಬ.

"ಸಿಕ್ತು."

"ಆತು ಬಿಡು."

ಮರುದಿನ ಗಾಡಿಯನ್ನು ಇನ್ನೊಂದು ಕೋಲ್ಡ್ ಸ್ಟೋರೇಜಿನ ಮುಂದೆ ಒಯ್ದು ನಿಲ್ಲಿಸಿದ. ಅಲ್ಲಿಯ ರಿಪೋರ್ಟು ಇನ್ನೂ ತಡ. ಚಹಾ ಭರ್ಜರಿ ನಡೆಯಿತು. ನಾನೂ ಅಲ್ಲಿಯ ತನಕ ನಡೆದೇ ಹೋಗುತ್ತಿದ್ದೆ.

ಮೊನ್ನೆ ಅಲ್ಲಿಯ ಮ್ಯಾನೇಜರು ನಮ್ಮಲ್ಲಿಗೆ ಬಂದರು. ತಮ್ಮ ರಿಪೋರ್ಟನ್ನೂ ಸರಿ ಮಾಡಿಕೊಡಬೇಕಂತೆ.

"ನಿಮ್ಮ ಗೇಟಿನ ಮುಂದ ಚಹಾ ಮಾರವರನ್ನ ಮೊದಲ ಕೇಳ್ರಿ," ಎಂದಳು ಶಬನಮ್.

ಅವರು ಹೋಗಿ ಕೇಳಿದರು. ಸಂಜೆ ದಾದಾಸಾಬ ಕೆಟಲಿ ಹಿಡಿದು ಬಂದು ಮಗಳಿಗೆ ಚಹಾ ಸುರಿದ.

"ಹೋಗಿ ಮಾಡಿಕೊಡು, ಬೇಟಿ. ಗಾಡಿ ನಿಲ್ಲಸಾಕ ಬ್ಯಾಡಗ್ಯಾಗ ಗೇಟಿಗೇನು ಬರಗಾಲೈತಿ?"