ನನ್ನ ತೂಕ, ಅವರ ನಡಿಗೆ

ಕುವೈತಿನಲ್ಲಿ ನನ್ನ ಕೆಲಸ ಟ್ರೆಡ್‌ಮಿಲ್ ರಿಪೇರಿ. ಹಳೆಯ ಯಂತ್ರಗಳನ್ನು ಸಬ್ಹಾನ್ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಸರಿಮಾಡಿ ಮಾರುತ್ತೇವೆ. ಪರೀಕ್ಷೆಗೆಂದು ಎರಡು ನಿಮಿಷ ಹತ್ತಿ ಇಳಿಯುವುದು ಬಿಟ್ಟರೆ ನಾನು ಅದರ ಮೇಲೆ ನಡೆದವನಲ್ಲ. ನನ್ನ ಹೊಟ್ಟೆ ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ಎಗೈಲಾದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಂಗಳೂರು ಕಡೆಯ ಬ್ಯಾರಿ ಸಾಹೇಬರೊಬ್ಬರು ನಮ್ಮಲ್ಲಿ ಒಂದನ್ನು ಕೊಂಡಿದ್ದರು. ಕಡ್ಡಿಯಂಥ ಆಳು, ಆದರೂ ಶುಗರ್. ದಿನಾ ಒಂದು ಗಂಟೆ ನಡೆದು, ಪರದೆಯಲ್ಲಿ ಮುನ್ನೂರು ಕ್ಯಾಲೊರಿ ದಾಟಿದರೆ ಮಾತ್ರ ನಾಲ್ಕು ಖರ್ಜೂರ ಎಂಬುದು ಅವರೇ ಹಾಕಿಕೊಂಡ ನಿಯಮ. ಮೂರು ತಿಂಗಳ ಮೇಲೆ ಬೆಲ್ಟಿಗೆ ಎಣ್ಣೆ ಹಾಕಲು ಹೋದಾಗ ಅವರ ಮುಖ ಬಾಡಿತ್ತು.

“ಎಂತ ಮಾಡುದು ಮಾರಾಯ್ರೆ, ಇಷ್ಟು ನಡೆದ್ರೂ ಶುಗರ್ ಇಳಿಯುದಿಲ್ಲ. ನನಗೆ ಇವಳ ಮೇಲೆಯೇ ಡೌಟು. ಚಾಯಕ್ಕೆ ಕದ್ದು ಸಕ್ಕರೆ ಹಾಕ್ತಾಳೆ.”

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ಗಂಡ ಹೆಂಡತಿ ಮಾತು ಬಿಟ್ಟು ವಾರವಾಗಿತ್ತಂತೆ.

ಎಣ್ಣೆ ಹಾಕಿ ಗುಂಡಿಗಳನ್ನು ಒತ್ತಿ ನೋಡಿದೆ. ತೂಕದ ಜಾಗದಲ್ಲಿ ತೊಂಬತ್ತೆಂಟು! ಅದು ನನ್ನ ತೂಕ. ಪರೀಕ್ಷಿಸುವಾಗ ಹಾಕಿ ಅಳಿಸುವುದನ್ನು ಮರೆತಿದ್ದೆ. ಯಂತ್ರಕ್ಕೆ ಮನುಷ್ಯನ ಬೆವರು ಕಾಣುವುದಿಲ್ಲ. ವೇಗ, ಏರು, ಸಮಯ, ನಾವು ಹೇಳಿದ ತೂಕ, ಇಷ್ಟರ ಮೇಲೆ ಅದು ಒಂದು ಅಂದಾಜು ಕಟ್ಟುತ್ತದೆ. ಭಾರದ ದೇಹವಾದರೆ ಹೆಚ್ಚು ತೋರಿಸುತ್ತದೆ. ತೆಪ್ಪಗೆ ತಿದ್ದಿ ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆರಳು ಗುಂಡಿಯ ಮೇಲೆಯೇ ಇತ್ತು. ಆದರೆ ಮಾಡದ ತಪ್ಪಿಗೆ ಆ ತಾಯಿ ಕಳ್ಳಿಯಾಗುವುದನ್ನು ನನಗೆ ಸಹಿಸಲಾಗಲಿಲ್ಲ.

“ಸಾಹೇಬ್ರ, ತಪ್ಪು ನಂದರಿ,” ಎಂದೆ. “ನಡದವ್ರು ನೀವು, ತೂಕ ನಂದು ಕುಂತೈತಿ. ತೊಂಬತ್ತೆಂಟು ಕಿಲೋ. ಅದು ಮುನ್ನೂರು ಅಂದ್ರ ನಿಮಗ ಇನ್ನೂರೂ ಆಗಿರಾಂಗಿಲ್ರಿ. ಶುಗರ್ ಇಳೀದಿರಾದು ಆ ಖರ್ಜೂರದಿಂದ್ರಿ. ಅಕ್ಕಾರ ಮ್ಯಾಲ ಸಿಟ್ಟಾಗಬ್ಯಾಡ್ರಿ.”

ಸಾಹೇಬರು ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು, ಆಮೇಲೆ ಬಿದ್ದು ಬಿದ್ದು ನಕ್ಕರು. ನನಗೂ ತಿಳಿಯಲೆಂದು ಕನ್ನಡದಲ್ಲೇ ಒಳಕ್ಕೆ ಕೂಗಿದರು: “ಕೇಳಿತಾ? ನಿಂದೇನೂ ತಪ್ಪಿಲ್ಲ. ನಾನು ಸುಮ್ಮನೆ ಬೈದದ್ದು.”

ಒಳಗೆ ಪಾತ್ರೆಗಳ ಸದ್ದು ನಿಂತಿತು. ನನಗೆ ಎಷ್ಟೋ ಹಗುರವೆನಿಸಿತು.

ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಎರಡು ಕಪ್ ಚಹಾ ತಂದಿಟ್ಟರು. ಒಂದು ಗುಟುಕು ಕುಡಿದೆ. ಸಕ್ಕರೆಯೇ ಇಲ್ಲ.

“ಅಕ್ಕಾರ, ಸಾಹೇಬ್ರ ಕಪ್ಪು ನನಗ ಬಂದೈತ್ರಿ.”

“ಇಲ್ಲ, ಅದು ನಿಮ್ಮದೇ,” ಎಂದರು ಅವರು ನಗುತ್ತಾ. “ತೊಂಬತ್ತೆಂಟು ಕಿಲೋ ಅಂತ ಈಗ ನೀವೇ ಅಲ್ವಾ ಹೇಳಿದ್ದು?”