ಅಕ್ಕೋರು ತಿದ್ದಿದ ಒಂದಕ್ಷರ

ಹಾಡು ಕೇಳುವಾಗ ನಮ್ಮ ಅಕ್ಕೋರು ಹಾಡುವವರ ಕಡೆ ನೋಡುತ್ತಲೇ ಇರಲಿಲ್ಲ. ಅವರ ಎಡಗಿವಿ ಪೂರಾ ಮಂದ. ಅದಕ್ಕೆ ಮುಖವನ್ನು ಎಡಕ್ಕೆ ಹೊರಳಿಸಿ, ಬಲಗಿವಿಯನ್ನು ಎದುರಿಗೆ ಕೂತವರಿಗೆ ಒಡ್ಡಿ, ಕಿಟಕಿಯಾಚೆಯ ಸೈಕಲ್ ಸ್ಟ್ಯಾಂಡನ್ನು ನೋಡುತ್ತ ಕೂರುತ್ತಿದ್ದರು. ಆ ಕಿವಿಯಲ್ಲಿ ಒಂದೇ ಬಿಳಿ ಕಲ್ಲಿನ ಓಲೆ. ಸ್ವರ ಸರಿಯಿದ್ದಷ್ಟು ಹೊತ್ತು ಓಲೆ ಅಲುಗುತ್ತಿರಲಿಲ್ಲ. ತಪ್ಪಿತೋ, ತಲೆ ಚೂರು ನಡುಗಿ ಅದು ಫಕ್ಕನೆ ಮಿನುಗುತ್ತಿತ್ತು. ನಾವು ಹೆದರುತ್ತಿದ್ದದ್ದು ಅವರ ಮುಖಕ್ಕಲ್ಲ, ಆ ಓಲೆಗೆ.

ಧಾರವಾಡದ ಕಡೆ ಶಾಲೆಯ ಹೆಣ್ಣು ಮೇಷ್ಟ್ರನ್ನು ಅಕ್ಕೋರು ಅನ್ನುತ್ತಾರೆ. ಅವರು ಅಲ್ಲಿನ ಶಾಲೆಯೊಂದರಲ್ಲಿ ನಾಲ್ಕು ವರ್ಷ ಸಂಗೀತ ಕಲಿಸಿ, ಮದುವೆಯಾಗಿ, ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಎಂಜಿನಿಯರಾಗಿದ್ದ ಗಂಡನ ಜೊತೆ ಡಚ್ಚರ ನಾಡಿನ ಐಂಡ್‌ಹೋವನ್‌ಗೆ ಬಂದವರು. ಗಂಡ ತೀರಿಕೊಂಡರೂ ಊರು ಬಿಡಲಿಲ್ಲ. ಮಕ್ಕಳಿರಲಿಲ್ಲ. ತಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಶನಿವಾರ ಬೆಳಿಗ್ಗೆ ಒಂದು ಕೋಣೆ ಹಿಡಿದು, ಇಲ್ಲಿನ ಕನ್ನಡದ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ಮಕ್ಕಳು ಡಚ್ಚಿನಲ್ಲಿ ಉತ್ತರ ಕೊಟ್ಟರೆ ಇವರೂ ಡಚ್ಚಿನಲ್ಲೇ ಗದರುವರು. ಆದರೆ "ಅಕ್ಕೋರೇ" ಅಂತ ಕೂಗದಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲ. ಕ್ಲಾಸು ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಬ್ರೆಡ್ಡು. ಅದರ ಮೇಲೆ ಇಲ್ಲಿನವರ ಶೇಂಗಾ ಬೆಣ್ಣೆ, ಅದರ ಮೇಲೆ ತಾವೇ ಕುಟ್ಟಿದ ಕೆಂಪು ಖಾರ. "ಇವರು ನಮ್ಮ ಶೇಂಗಾ ಚಟ್ನಿಗೆ ಅರ್ಧ ದಾರಿ ಬಂದಾರ ನೋಡ್ರಿ, ಖಾರ ಒಂದ ಮರತಾರ" ಅನ್ನುವರು.

ಆ ಮಕ್ಕಳ ನಡುವೆ ಮೂವತ್ತೊಂದು ವರ್ಷದವನಾದ ನಾನು ಹೋಗಿ ಕೂತದ್ದಕ್ಕೆ ಕಾರಣವಿತ್ತು. ನಾನು ಮೈಸೂರಿನವನು. ಚಿಪ್ ತಯಾರಿಸುವ ಯಂತ್ರಗಳ ಕಂಪನಿಯಲ್ಲಿ ಕೆಲಸ. ಬಿಡುವಿನಲ್ಲಿ ಸೆಕೆಂಡ್‌ಹ್ಯಾಂಡ್ ಸಿಂಥಸೈಜರ್ ಒಂದನ್ನು ಮುಂದಿಟ್ಟುಕೊಂಡು ಕುಣಿತದ ಹಾಡುಗಳನ್ನು ಕಟ್ಟುವ ಹುಚ್ಚು. ಅಷ್ಟು ಹೊತ್ತಿಗೆ ನನಗೆ ರೂಬೆನ್ ಸಿಕ್ಕು ಎರಡು ವರ್ಷವಾಗಿತ್ತು. ಹತ್ತಿರದ ಟಿಲ್‌ಬರ್ಗ್ ಊರಿನಲ್ಲಿ ಅವನದು ಸೈಕಲ್ ರಿಪೇರಿ ಅಂಗಡಿ. ಚೈನು ಕಡಿದ ನನ್ನ ಸೈಕಲ್ಲನ್ನು ಸರಿಮಾಡಿಕೊಟ್ಟವನು, ಆಮೇಲೆ ಪ್ರತಿ ಭಾನುವಾರ ರೈಲು ಹತ್ತಿ ನನ್ನ ಮನೆಗೆ ಬರತೊಡಗಿದ. ಅವನು ನನ್ನ ಪ್ರೇಮಿ ಎಂದು ಇಲ್ಲಿನ ಆಫೀಸಿನವರಿಗೆ ಗೊತ್ತಿತ್ತು. ನಮ್ಮ ಕನ್ನಡದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಮ್ಮನಿಗಂತೂ ಇಲ್ಲವೇ ಇಲ್ಲ.

ಅವನ ಮೇಲೆ ಒಂದು ಹಾಡು ಕಟ್ಟಿದೆ. "ನಿನ್ನ ಭಾಷೆಯಲ್ಲೇ ಹಾಡು, ನನಗೆ ಅರ್ಥವಾಗದಿದ್ದರೂ ಪರವಾಗಿಲ್ಲ" ಎಂದ ರೂಬೆನ್. ಕನ್ನಡದಲ್ಲಿ ಬರೆದೆ. ಬರೆಯುವಾಗ ಕೈ ತಾನಾಗಿಯೇ ಅಡ್ಡದಾರಿ ಹಿಡಿಯಿತು: "ಬೀಗ ಹಾಕಿದ ಎದೆಗೆ ಬಂದಳು ನೋಡು." ಯಾರೂ ಏನೂ ಕೇಳಬಾರದಲ್ಲ! ರೂಬೆನ್‌ಗೆ ಕನ್ನಡ ಬಾರದು; ಅವನು ಖುಷಿಯಾಗಿ ತಲೆಯಾಡಿಸಿದ. ಆದರೆ ಎಷ್ಟು ಸಲ ಹಾಡಿ ರೆಕಾರ್ಡ್ ಮಾಡಿದರೂ ಆ ಸಾಲಿನಲ್ಲಿ ಸ್ವರ ಕುಸಿಯುತ್ತಿತ್ತು. ಅಭ್ಯಾಸ ಸಾಲದು ಅಂದುಕೊಂಡು ಅಕ್ಕೋರ ಬಳಿ ಹೋದೆ.

ಆರು ತಿಂಗಳು ಅವರು ಹಾಡಿನ ಸುದ್ದಿಯನ್ನೇ ಎತ್ತಗೊಡಲಿಲ್ಲ. "ಮೊದಲ ಸಾ ಹಚ್ಚು ತಮ್ಮಾ. ಸಾ ನಿಂತರ ಮನುಷ್ಯಾ ನಿಂತಂಗ." ಎಂಟು ವರ್ಷದ ಹುಡುಗಿಯರ ಜೊತೆ ಕೂತು ಸಾ ಹಚ್ಚಿದೆ. ಕೊನೆಗೆ ಒಂದು ಶನಿವಾರ, ಮಕ್ಕಳೆಲ್ಲ ಹೋದ ಮೇಲೆ, "ಎಲ್ಲಿ, ನಿನ್ನ ಡಾನ್ಸಿನ ಹಾಡು ಹಾಡು" ಅಂದರು.

ಹಾಡಿದೆ. "ಬಂದಳು" ಅನ್ನುವಲ್ಲಿ ಓಲೆ ಮಿನುಗಿತು.

"ಇನ್ನೊಮ್ಮೆ."

ಮತ್ತೆ ಮಿನುಗಿತು. ಅಕ್ಕೋರು ಹಾರ್ಮೋನಿಯಂ ಮುಚ್ಚಲಿಲ್ಲ, ಗದರಲೂ ಇಲ್ಲ. ಕೆಟ್ಟ ರೇಡಿಯೋ ಬಿಚ್ಚುವವರ ಹಾಗೆ ಒಂದೊಂದೇ ಪರೀಕ್ಷೆ ಮಾಡಿದರು. ಅದೇ ಸಾಲನ್ನು ಮಾತಿಲ್ಲದೆ ಬರೀ "ಆ" ಎಂದು ಹಾಡಿಸಿದರು. ಸರಿಯಾಗಿ ಬಂತು. "ಬಂದಿತು" ಅಂತ ಹಾಕಿ ಹಾಡಿಸಿದರು. ಅದೂ ಬಂತು. "ಈಗ ಬಂದಳು." ಕುಸಿಯಿತು.

"ನಿನ್ನ ಗಂಟಲಾಗ ದೋಷ ಇಲ್ಲ" ಅಂದರು ಕಿಟಕಿಯ ಕಡೆಗೇ ನೋಡುತ್ತ. "ಆ ಮಾತು ನಿನಗ ಒಗ್ಗವಲ್ದು. ಯಾಕ?"

ಏನಾದರೊಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಅವರು ನನ್ನ ಮುಖ ನೋಡುತ್ತಿರಲಿಲ್ಲ. ಬರೀ ಕಿವಿ ಕೊಟ್ಟು ಕಾಯುತ್ತಿದ್ದರು. ಆ ಕಿವಿಗೆ ಹೇಳುವುದು ಯಾಕೋ ಸುಲಭವೆನಿಸಿತು.

"ಅಕ್ಕೋರೇ, ಅದು ಅವಳಲ್ಲ. ಅವನು."

ಹೊರಗೆ ಯಾರೋ ಸೈಕಲ್ಲಿನ ಬೀಗ ತೆಗೆಯುತ್ತಿದ್ದರು. ಅವರು ಹೊರಟುಹೋಗುವುದನ್ನು ಅಕ್ಕೋರು ನೋಡಿದರು. ಎದ್ದು ಹೋಗಿಬಿಡಲೇ ಅನ್ನಿಸಿತು.

"ಹಂಗಾರ ಅಕ್ಷರ ತಿದ್ದು" ಅಂದರು.

"ಅಂದ್ರೆ?"

"ಳು ತಗದು ನು ಹಾಕು. ಮಾತ್ರಿ ಅಷ್ಟ ಅದ, ತಾಳ ಕೆಡೂದಿಲ್ಲ. ಹಾಡು."

"ಬಂದನು ನೋಡು" ಅಂತ ಹಾಡಿದೆ. ಮೊದಲ ಸಲ ಅರ್ಧಕ್ಕೇ ನಿಲ್ಲಿಸಿದೆ. ಎರಡನೆಯ ಸಲ ಸ್ವರ ಮೇಲೆ ಹೋಗಿ ಅಲ್ಲೇ ನಿಂತಿತು. ನಿಂತೇ ಇತ್ತು. ಉಸಿರು ಮುಗಿಯುವವರೆಗೂ ಬಿಡಲು ಮನಸ್ಸಾಗಲಿಲ್ಲ.

ಆಗ ಅವರು ನನ್ನ ಕಡೆ ತಿರುಗಿದರು. "ನೋಡಪಾ, ನನಗ ಇದೆಲ್ಲಾ ತಿಳೀತದ ಅಂತ ಸುಳ್ಳ ಹೇಳೂದಿಲ್ಲ. ನಾ ಬೆಳದ ಮನ್ಯಾಗ ಇಂಥಾದ್ದು ಮಾತಾಡತಿದ್ದಿಲ್ಲ. ಆದರ ಕಿವಿ ಸುಳ್ಳ ಹೇಳೂದಿಲ್ಲಲಾ. ಈಗ ಹಾಡಿದ್ದು ಖರೇ ಅದ." ಆಮೇಲೆ ಬ್ರೆಡ್ಡಿಗೆ ಖಾರ ಸವರುತ್ತ ಕೇಳಿದರು: "ಹುಡುಗ ಏನ ಮಾಡತಾನ?"

"ಸೈಕಲ್ ರಿಪೇರಿ ಅಂಗಡಿ ಇದೆ."

"ಇಷ್ಟು ದಿನಾ ಹೇಳಲಿಲ್ಲಲ್ಲೋ! ನನ್ನ ಸೈಕಲ್ಲಿನ ಬ್ರೇಕ್ ಹಿಡೀದ ತಿಂಗಳಾತು."

ಆ ದಿನ ಮನೆಗೆ ಹೋಗುವಾಗ ದಾರಿಯಲ್ಲಿ ಸೈಕಲ್ ನಿಲ್ಲಿಸಿ ಕಾಲುವೆಯ ಪಕ್ಕದ ಬೆಂಚಿನ ಮೇಲೆ ಸುಮ್ಮನೆ ಕೂತೆ. ಹೆಗಲ ಮೇಲಿದ್ದ ಮೂಟೆಯನ್ನು ಯಾರೋ ಬಂದು ಇಳಿಸಿಕೊಟ್ಟ ಹಾಗಿತ್ತು. ಅಳು ಬರಲಿಲ್ಲ. ಹಸಿವಾಯಿತು.

ರೂಬೆನ್ ಅವರ ಬ್ರೇಕನ್ನು ಸರಿಮಾಡಿದ. ಅವರು ಅವನ ಜೊತೆ ಅರ್ಧ ಡಚ್ಚು, ಅರ್ಧ ಧಾರವಾಡದ ಕನ್ನಡ ಬೆರೆಸಿ ಮಾತಾಡಿದರು. ಅವನು ಎರಡಕ್ಕೂ "ಹೌದು ಅಕ್ಕೋರೇ" ಅಂದ. ಮುಂದಿನ ತಿಂಗಳು, ಹಾಡಿನ ಮೊದಲಿಗೆ ಒಂದು ಆಲಾಪ ಹಾಡಿಕೊಡಲು ನಮ್ಮ ಮನೆಗೇ ಬಂದರು. ಸಿಂಥಸೈಜರಿನ ಮುಂದೆ ಕೂತು ಒಂದು ಕೀಯನ್ನು ಒತ್ತಿ, ಬಹಳ ಹೊತ್ತು ಕೇಳಿದರು. "ಇದರ ಸ್ವರ ಎಂದೂ ತಪ್ಪೂದಿಲ್ಲೇನು?"

"ಇಲ್ಲ."

"ಪಾಪ, ಇದಕ್ಕ ಯಾರ ಅಂಜಿಕಿನೂ ಇಲ್ಲ" ಅಂದು ನಕ್ಕರು. ಆಮೇಲೆ ಹಾಡಿದರು. ಯಂತ್ರದ ತಾಳದ ಮೇಲೆ ಆ ಅರವತ್ತೇಳರ ದನಿ ಏರಿದಾಗ ರೂಬೆನ್ ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಂಡ.

ಹಾಡನ್ನು ಇಂಟರ್ನೆಟ್ಟಿನಲ್ಲಿ ಬಿಡುವ ಮುನ್ನ ಅಕ್ಕೋರ ಹೆಸರು ಹಾಕುವುದು ಬೇಡ ಅಂದೆ. ಕ್ಲಾಸಿಗೆ ಮಕ್ಕಳನ್ನು ಕಳಿಸುವವರು ಏನೆಂದುಕೊಳ್ಳುತ್ತಾರೋ ಎಂಬ ಭಯ. "ಹಾಡಿದಾಕಿ ನಾನು, ಹೆಸರು ಯಾರದು ಹಾಕ್ತಿ? ಹಾಕು" ಅಂದರು. ಹಾಕಿದೆ. ನಾನು ಹೆದರಿದ್ದಂತೆಯೇ ಮುಂದಿನ ಶನಿವಾರ ಒಬ್ಬ ತಂದೆ ಬಾಗಿಲಲ್ಲೇ ನಿಂತು, ನನಗೂ ಕೇಳಿಸುವ ಹಾಗೆ, "ಅಕ್ಕೋರೇ, ಮಕ್ಕಳು ಬರೋ ಜಾಗ ಇದು. ನೀವೇ ಇಂಥದ್ದಕ್ಕೆಲ್ಲ ಹಾಡಿದ್ರೆ ಹೇಗೆ? ನಾವು ಮಗಳನ್ನ ಯಾವ ಧೈರ್ಯದ ಮೇಲೆ ಕಳಿಸೋದು?" ಅಂದರು.

"ಧೈರ್ಯದ ಮಾತು ಆಮೇಲೆ ನೋಡೋಣ್ರಿ. ನಿಮ್ಮ ಮಗಳು ಕಲಿಯಾಕ ಬಂದು ವರ್ಷಾತು, ಇನ್ನೂ ತೀವ್ರ ಮಧ್ಯಮ ಸ್ವರ ಬರವಲ್ದು. ಮನ್ಯಾಗ ಯಾರೂ ಕೂಡಿಸಿ ಹಾಡಸಂಗಿಲ್ಲ. ಮೊದಲ ಅದರ ಚಿಂತಿ ಮಾಡ್ರಿ."

ಎರಡು ಮನೆಯವರು ಬರುವುದು ಬಿಟ್ಟರು. ಆ ತಂದೆ ಮಾತ್ರ ಮಗಳನ್ನು ಬಿಡಿಸಲಿಲ್ಲ. ಉಳಿದವರಲ್ಲಿ ಇಬ್ಬರು ತಾಯಂದಿರು ನನ್ನ ಬಳಿ ಬಂದು, ಹಾಡು ಚೆನ್ನಾಗಿದೆ ಅಂದರು. ಪಕ್ಕದ ಕೋಣೆಯಲ್ಲಿ ಕಾಫಿಗೆ ಸೇರುವ ಡಚ್ ಮುದುಕ ಮುದುಕಿಯರು ಅದನ್ನು ಹಾಕಿಸಿಕೊಂಡು ಕುರ್ಚಿ ಸರಿಸಿ ಕುಣಿದರು. ಅವರ ನಡುವೆ ಅಕ್ಕೋರು ಕೈ ಕಟ್ಟಿಕೊಂಡು ನಿಂತಿದ್ದರು. ಹೆಬ್ಬೆರಳು ಮಾತ್ರ ತಾಳ ಹಾಕುತ್ತಿತ್ತು.

ಉಳಿದದ್ದು ಅಮ್ಮ. ಬೇರೆಯವರ ಬಾಯಿಂದ ಗೊತ್ತಾಗುವ ಮೊದಲೇ ನಾನು ಹೇಳಬೇಕಿತ್ತು. ಮೂರು ಸಲ ಫೋನ್ ಮಾಡಿ, ಹವೆಯ ಮಾತಾಡಿ ಇಟ್ಟಿದ್ದೆ. ಅಕ್ಕೋರಿಗೆ ತಿಳಿದು, "ನಾ ಮಾತಾಡಂಗಿಲ್ಲ. ಬಾಜೂಕ ಕೂಡತೀನಿ, ನೀನ ಹೇಳು" ಅಂದರು. ಶನಿವಾರ ಮಧ್ಯಾಹ್ನ, ಅದೇ ಕೋಣೆಯಲ್ಲಿ, ವಿಡಿಯೋ ಕಾಲ್ ಮಾಡಿದೆ. "ಅಮ್ಮ, ನಾನೊಂದು ಹಾಡು ಮಾಡಿದ್ದೀನಿ" ಎಂದು ಶುರುಮಾಡುವಷ್ಟರಲ್ಲಿ ಅಮ್ಮ ತಡೆದಳು.

"ಕೇಳಿದೀನಿ ಕಣೋ. ನಿನ್ನ ಚಿಕ್ಕಪ್ಪನ ಮಗಳು ಕಳ್ಸಿದ್ಲು. ಮೂರು ದಿನದಿಂದ ಕೇಳ್ತಾನೇ ಇದೀನಿ. ಬಂದನು ಅಂತಿದ್ಯಾ, ಬಂದಳು ಅಂತಿದ್ಯಾ ಅಂತ ಕಿವಿಗಿಟ್ಟು ಇಟ್ಟು ಕೇಳ್ದೆ."

"ಬಂದನು ಅಂತಾನೇ ಅಮ್ಮ."

ಅಮ್ಮ ಫೋನನ್ನು ಎಲ್ಲೋ ಇಟ್ಟಳು. ಪರದೆಯಲ್ಲಿ ಮೈಸೂರಿನ ಮನೆಯ ಫ್ಯಾನು ತಿರುಗುವುದಷ್ಟೇ ಕಂಡಿತು. ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. ನಾನು ಅಕ್ಕೋರ ಕಡೆ ನೋಡಿದೆ. ಅವರು "ಇಡಬ್ಯಾಡ, ತಡಿ" ಎಂದು ಕೈಸನ್ನೆ ಮಾಡಿದರು. ತಡೆದೆ. ಅಮ್ಮ ಮತ್ತೆ ಫೋನ್ ಎತ್ತಿಕೊಂಡಳು.

"ಅಲ್ಲಿ ಇದಕ್ಕೆ ಯಾರಾದ್ರೂ ಹೊಡೆದು ಗಿಡೆದು ಮಾಡ್ತಾರಾ?"

"ಇಲ್ಲಮ್ಮ. ನಾವು ಚೆನ್ನಾಗಿದ್ದೀವಿ."

"ಕೆಲಸಕ್ಕೆ ತೊಂದ್ರೆ?"

"ಇಲ್ಲ."

ಅಮ್ಮ ಉದ್ದಕ್ಕೆ ಉಸಿರುಬಿಟ್ಟಳು. "ಸರಿ ಹಾಗಾದ್ರೆ. ಮಿಕ್ಕಿದ್ದನ್ನ ನಿಧಾನವಾಗಿ ಅರ್ಥ ಮಾಡ್ಕೋತೀನಿ. ಅವಸರ ಮಾಡ್ಬೇಡ ನನ್ನ." ಆಮೇಲೆ, "ಶುರುನಲ್ಲಿ ಹಾಡಿರೋ ಆ ಹೆಂಗಸು ಯಾರೋ? ಏನು ಕಂಠ!" ಅಂದಳು. ಮಾತಾಡುವುದಿಲ್ಲವೆಂದಿದ್ದ ಅಕ್ಕೋರು ನನ್ನ ಕೈಯಿಂದ ಫೋನ್ ಕಸಿದುಕೊಂಡರು. ಮುಕ್ಕಾಲು ಗಂಟೆ ಇಬ್ಬರೂ ನನ್ನನ್ನು ಬಿಟ್ಟು ಬೇರೆಲ್ಲ ಮಾತಾಡಿದರು.

ಅಮ್ಮನಿಗೆ ನಿಧಾನವಾಗಿ ಅರ್ಥವಾಗಲು ಎರಡು ವರ್ಷ ಹಿಡಿಯಿತು. ನಮ್ಮ ಮದುವೆಗೆ ಬಂದಳು. ಇಲ್ಲಿ ನಗರಸಭೆಯಲ್ಲಿ ಮದುವೆಯಾಗುವಾಗ ಸಾಕ್ಷಿಗಳು ಸಹಿ ಹಾಕಬೇಕು; ನನ್ನ ಸಾಕ್ಷಿ ಅಕ್ಕೋರು. ವರನಿಗೆ ನೀವು ಏನಾಗಬೇಕು ಎಂದು ಅಧಿಕಾರಿ ನಗುತ್ತ ಕೇಳಿದರು. "ಇವನ ಅಕ್ಕೋರು" ಎಂದು ಡಚ್ಚಿನಲ್ಲಿ ಹೇಳಿ, ಕನ್ನಡದಲ್ಲಿ ದುಂಡಗೆ ಸಹಿ ಹಾಕಿದರು.

ಹೋದ ಚಳಿಗಾಲ ಅವರು ಹಾಸಿಗೆ ಹಿಡಿದರು. ಹೆಚ್ಚು ದಿನ ನರಳಲಿಲ್ಲ. ದಿನಾ ಸಂಜೆ ಆಫೀಸು ಮುಗಿಸಿ ಗಂಜಿ ಮಾಡಿಕೊಂಡು ಹೋಗುತ್ತಿದ್ದೆ. ರೂಬೆನ್ ಅವರ ಕಿಟಕಿಯ ಹಕ್ಕಿಗಳಿಗೆ ಕಾಳು ಹಾಕುತ್ತಿದ್ದ. ಕೊನೆಯ ವಾರ ಒಂದು ಸಂಜೆ ನನ್ನ ಕೈ ಹಿಡಿದು, "ನನ್ನ ಮುಂದ ಹೇಳೂದು ಏನರ ಉಳದದೇನೋ ತಮ್ಮಾ?" ಅಂದರು. ಹುಡುಕಿ ನೋಡಿದೆ. ನನ್ನ ಭಯ, ನನ್ನ ಪ್ರೀತಿ, ಅವರಿಂದ ನಾನು ಪಡೆದದ್ದು, ಎಲ್ಲವನ್ನೂ ಯಾವುದೋ ಒಂದು ಶನಿವಾರ ಹೇಳಿ ಮುಗಿಸಿದ್ದೆ.

"ಏನೂ ಇಲ್ಲ ಅಕ್ಕೋರೇ."

"ಛಲೋ ಆತು" ಎಂದು ಕಣ್ಣು ಮುಚ್ಚಿದರು.

ಅವರು ಹೋದ ದಿನ ಬಹಳ ಅತ್ತೆ. ಆದರೆ ಇಂಥವರಿಗೆ ಹೇಳಬೇಕಾದದ್ದನ್ನು ಹೇಳಲಿಲ್ಲವಲ್ಲ ಎಂಬ ಮುಳ್ಳೊಂದು ಆ ಅಳುವಿನಲ್ಲಿ ಇರಲಿಲ್ಲ. ಅಷ್ಟು ಹಗುರಾಗಿ ಅಳುವುದಕ್ಕೆ ನನಗೆ ಕಲಿಸಿದವರೂ ಅವರೇ.